ಕೆಸರುದಾರಿಯ ದೀಪಗಳು

ನನ್ನ ಅಣ್ಣ ವಾಲಜಿಗೆ ದೋಣಿ ಇರಲಿಲ್ಲ. ಇಳಿತದಲ್ಲಿ ಕಡಲು ಹಿಂದೆ ಸರಿದಾಗ ಕೆಸರಿನ ಮೇಲೆ ನಡೆದೇ ಹೋಗಿ ಬಲೆ ಕಟ್ಟುತ್ತಿದ್ದ. ಭರತ ಏರುವ ಮೊದಲು ಸೀಗಡಿ ಹೊತ್ತು ನಡೆದೇ ಬರಬೇಕು. ದಡದ ಹತ್ತಿರ ಒಂದು ಕೊರಕಲಿದೆ. ಬಳಸಿ ಬಂದರೆ ಗಟ್ಟಿ ನೆಲ; ಸ್ವಲ್ಪ ತಪ್ಪಿದರೆ ಸೊಂಟದವರೆಗೆ ಹೂತುಹೋಗುತ್ತಾರೆ. ಆ ತಿರುವಿನುದ್ದಕ್ಕೂ ಅಣ್ಣ ಬಿದಿರು ನೆಟ್ಟು, ಜಾಮನಗರದಿಂದ ಸೋಲಾರ್ ದೀಪಗಳನ್ನು ತಂದು ಒಂದೊಂದರ ತುದಿಗೂ ಕಟ್ಟಿದ್ದ. ಉಳ್ಳವರ ತೋಟದಲ್ಲಿ ಹುಲ್ಲಿನ ನಡುವೆ ನೆಡುತ್ತಾರಲ್ಲ, ಅಂಥವು. ನಮಗೆ ಕಡಲು ಉತ್ತರಕ್ಕೆ. ಬಿಸಿಲು ಚೆನ್ನಾಗಿ ಬೀಳಲೆಂದು ಪ್ಲೇಟುಗಳನ್ನು ದಕ್ಷಿಣಕ್ಕೆ, ಊರಿನ ಕಡೆಗೇ, ವಾಲಿಸಿದ್ದ.

ಆ ಸಂಜೆ ಹೊತ್ತು ಮುಳುಗಿದರೂ ಅವನು ಬರಲಿಲ್ಲ. ದೀಪಗಳು ಹೊತ್ತಿಕೊಂಡವು. ಕತ್ತಲಲ್ಲಿ ನೀರು ಕಾಣುತ್ತಿರಲಿಲ್ಲ, ಕೆಸರಿನ ಮೇಲೆ ತೆವಳಿ ಬರುವ ಸಪ್ಪಳವಷ್ಟೇ ಕೇಳುತ್ತಿತ್ತು. ಅತ್ತಿಗೆ ರೂಖಿ ಓಡಿಹೋಗಿ ಮೇರಾಮಣ ಕಾಕಾನನ್ನು ಟ್ರ್ಯಾಕ್ಟರ್ ಸಮೇತ ಕರೆತಂದಳು.

"ಈ ಮಿಣುಕುಹುಳ ನಂಬ್ಕೊಂಡು ಹೋಗಿದಾನಾ ನಿನ್ನ ಗಂಡ?" ಎಂದು ಕಾಕಾ ಹೆಡ್‌ಲೈಟ್ ಹಾಕಿದರು. ಉರಿಯುತ್ತಿದ್ದದ್ದು ಒಂದೇ, ಇನ್ನೊಂದು ಒಡೆದು ವರ್ಷವಾಗಿತ್ತು.

ದೂರದಿಂದ ಅಣ್ಣನ ಕೂಗು ಬಂತು. "ದಾರಿ ಕಾಣ್ತಿಲ್ಲ. ದಾರಿ ಕಾಣ್ತಿಲ್ಲ."

"ಇನ್ನೂ ಮುಂದಕ್ಕೆ ತಗೊಳಿ ಕಾಕಾ," ಎಂದಳು ರೂಖಿ.

ಟ್ರ್ಯಾಕ್ಟರ್ ನೀರಿನಂಚಿಗೆ ಇಳಿಯಿತು. ಹತ್ತಿರದ ದೀಪಗಳು ಆಗಲೇ ಆರಿದ್ದವು; ಈಗ ತಿರುವಿನಲ್ಲಿ ಉಳಿದಿದ್ದ ಕೊನೆಯ ದೀಪವೂ ಆರಿತು. ಅದು ಆರಿದ್ದನ್ನು ನಾನು ಕಣ್ಣಾರೆ ಕಂಡೆ.

"ಲೈಟ್ ಆರ್ಸಿ ಕಾಕಾ," ಎಂದೆ.

"ತಲೆ ಕೆಟ್ಟಿದ್ಯಾ ಮೋಂಘಿ?"

"ಆ ದೀಪಕ್ಕೆ ಸ್ವಿಚ್ಚಿಲ್ಲ. ಹಗಲೆಲ್ಲ ಪ್ಲೇಟು ಬ್ಯಾಟರಿ ತುಂಬ್ಸುತ್ತೆ. ಪ್ಲೇಟಿಗೆ ಬೆಳಕು ಬೀಳೋದು ನಿಂತ್ರೇನೇ ಬಲ್ಬು ಹತ್ತೋದು. ನೀವು ಹಗಲು ಮಾಡಿಟ್ಟಿದೀರಿ."

"ಓಹೋ, ಬಲ್ಬಿಗೆ ಬುದ್ಧಿ ಇದೆ, ನಂಗಿಲ್ಲ."

ರೂಖಿ ನನ್ನ ರಟ್ಟೆ ಹಿಡಿದಳು. "ಆರ್ಸಿದ್ರೆ ಅವ್ರು ಕತ್ತಲಲ್ಲಿ ಸಾಯ್ತಾರೆ ಕಣೆ."

ನನಗೂ ಖಾತ್ರಿ ಇರಲಿಲ್ಲ. ಬ್ಯಾಟರಿಯೇ ಮುಗಿದಿದ್ದರೆ? ಕೈ ಬಿಡಿಸಿಕೊಂಡು ನೀರಿಗಿಳಿದೆ. ಮೊಣಕಾಲಿಗೆ ಬರುತ್ತಿದ್ದಂತೆ ಕಾಲ ಕೆಳಗಿನ ಕೆಸರು ಜಾರತೊಡಗಿತು. ಹತ್ತಿರದ ಬಿದಿರಿನ ಮುಂದೆ, ಹೆಡ್‌ಲೈಟಿಗೆ ಬೆನ್ನು ಕೊಟ್ಟು, ತಲೆಗೆ ಹೊದ್ದಿದ್ದ ಓಢಣಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದೆ. ನೆರಳು ಪ್ಲೇಟಿನ ಮೇಲೆ ಬಿತ್ತು. ಏನೂ ಆಗಲಿಲ್ಲ. ಓಢಣಿಯನ್ನು ಇನ್ನಷ್ಟು ಮೇಲಕ್ಕೆತ್ತಿದೆ. ಆಮೇಲೆ ಬಲ್ಬು ಹತ್ತಿತು.

"ಕಾಕಾ, ಆರ್ಸಿ," ಎಂದಳು ರೂಖಿ. ಈ ಸಲ ಹೇಳಿದ್ದು ಅವಳೇ.

ಪೂರ್ತಿ ಕತ್ತಲಾಯಿತು. ಅಣ್ಣನ ಕೂಗು ನಿಂತಿತ್ತು. ನೀರು ನನ್ನ ತೊಡೆ ಮುಟ್ಟಿತು. ಒಂದೊಂದೇ ದೀಪ ಹೊತ್ತಿಕೊಂಡಿತು, ತಿರುವು ಕಾಣಿಸಿತು, ಅದರ ಮೇಲೆ ಮನುಷ್ಯ ಕಾಣಿಸಲಿಲ್ಲ. ರೂಖಿ ಅವನ ಹೆಸರು ಹಿಡಿದು ಕೂಗಿದಳು, ಮದುವೆಯಾದ ಮೇಲೆ ಮೊದಲ ಸಲ. ಬಹಳ ಹೊತ್ತಿನ ಮೇಲೆ ಕೊನೆಯ ದೀಪದ ಕೆಳಗೆ ಏನೋ ತೆವಳಿತು.

ದೀಪ ಆರಿದಾಗ ಅಣ್ಣ ಕೊರಕಲಿಗೆ ಕಾಲಿಟ್ಟಿದ್ದ. ಎರಡೂ ಬುಟ್ಟಿ ಎಸೆದು, ಹೆಗಲ ಮೇಲಿದ್ದ ಬಲೆಯನ್ನು ಕೆಸರಿನ ಮೇಲೆ ಹಾಸಿ, ಅದರ ಮೇಲೆ ಮಲಗಿ ಕಾಲು ಕಿತ್ತುಕೊಂಡಿದ್ದ. ದಡ ಮುಟ್ಟಿದವನು ಯಾರ ಮುಖವನ್ನೂ ನೋಡದೆ ವಾಂತಿ ಮಾಡಿದ.

ಹೋದದ್ದು ಬಲೆ ಒಂದು, ಸೀಗಡಿ ಬುಟ್ಟಿ ಎರಡು, ಮೊಬೈಲು ಒಂದು.