ಜನವೇ ಇಲ್ಲದ ದಾರಿ

ಮೂರು ಗಂಟೆ ದಾಟಿ ಹತ್ತು ನಿಮಿಷವಾದರೂ ಫೋನ್ ಬಾರದಿದ್ದಾಗ ಪಕೀರಬ್ಬ ಕತ್ತರಿ ಕೆಳಗಿಟ್ಟರು. ಮೇಜಿನ ಮೇಲೆ ಹರಡಿದ್ದದ್ದು ಯಾರದೋ ಮನೆಯ ಮಜ್ಲಿಸಿನ, ಅತಿಥಿಗಳನ್ನು ಕೂರಿಸುವ ಕೋಣೆಯ ಕಿಟಕಿಗೆ ಹೊಲಿಯಬೇಕಾದ ಪರದೆಯ ಬಟ್ಟೆ, ಒಂದಿಂಚು ಓರೆಯಾದರೂ ಎದ್ದು ಕಾಣುವ ಮಾಲು. ದೋಹಾದ ಅಲ್ ಮನ್ಸೂರಾ ಬಡಾವಣೆಯ ಆ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಪರದೆ ಕತ್ತರಿಸಿದವರಿಗೆ ಇವತ್ತು ಕತ್ತರಿಯನ್ನು ಗೆರೆಯ ಮೇಲೆ ನಿಲ್ಲಿಸಲು ಆಗುತ್ತಿರಲಿಲ್ಲ.

ಎದುರಿನ ಗೋಡೆಯಲ್ಲಿ ಎರಡು ಗಡಿಯಾರಗಳು. ಒಂದು ದೋಹಾದ್ದು. ಅದಕ್ಕಿಂತ ಎರಡು ಗಂಟೆ ಹಿಂದೆ ಓಡುವ ಇನ್ನೊಂದು ಮಗಳು ನಶೀದಾಳದ್ದು. ಮೇ ತಿಂಗಳಲ್ಲಿ ಅವಳು ನರ್ಸ್ ಕೆಲಸಕ್ಕೆಂದು ಇಂಗ್ಲೆಂಡಿನ ವಿಮಾನ ಹತ್ತಿದ ಸಂಜೆಯೇ ಪಕೀರಬ್ಬ ಮೊಳೆ ಹೊಡೆದು ಅದನ್ನು ತೂಗುಹಾಕಿದ್ದರು. ಅಲ್ಲೀಗ ಎಷ್ಟು ಗಂಟೆ ಎಂದು ದಿನಕ್ಕೆ ಹತ್ತು ಸಲ ಬೆರಳು ಮಡಚಿ ಎಣಿಸುವ ಕೆಲಸ ತಪ್ಪಿತ್ತು. ಈಗ ಆ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ. ಸರಿಯಾಗಿ ಒಂದಕ್ಕೆ ಫೋನ್ ಮಾಡುತ್ತೇನೆ ಎಂದಿದ್ದಳು. ಹೇಳಿದ ಹೊತ್ತಿಗೆ ತಪ್ಪುವ ಹುಡುಗಿಯಲ್ಲ ನಶೀದಾ.

ಹುಡುಗಿ ಹೋಗಿದ್ದದ್ದು ಯುದ್ಧಕ್ಕೇನಲ್ಲ, ಸೈಕಲ್ ತುಳಿಯಲಿಕ್ಕೆ. ಚರ್ಚ್ ಸ್ಟ್ರೆಟನ್ ಎಂಬಲ್ಲಿ ರೈಲಿಳಿದು, ಹಳ್ಳಿಗಳ ಒಳದಾರಿಯಲ್ಲೇ ಬಿಷಪ್ಸ್ ಕ್ಯಾಸಲ್, ಅಲ್ಲಿಂದ ಕ್ಲನ್, ಕೊನೆಗೆ ಕ್ರೇವನ್ ಆರ್ಮ್ಸ್ ಸ್ಟೇಷನ್. ಒಬ್ಬಳೇ. ದಾರಿಯ ನಕ್ಷೆಯನ್ನು ಅಪ್ಪನಿಗೂ ಕಳಿಸಿದ್ದಳು ಪುಣ್ಯಾತ್ಗಿತ್ತಿ. ಕಳಿಸದಿದ್ದರೆ ಚೆನ್ನಾಗಿತ್ತು. ಯಾಕೆಂದರೆ ಪಕೀರಬ್ಬ ಬೀದಿ ತೋರಿಸುವ ಮ್ಯಾಪನ್ನು ಫೋನಿನಲ್ಲಿ ತೆರೆದು, ಆ ದಾರಿಯುದ್ದಕ್ಕೂ ಬೆರಳಲ್ಲೇ ಮೂರು ಸಲ ಹೋಗಿ ಬಂದಿದ್ದರು. ಒಂದು ಕಾರು ಹಿಡಿಸುವಷ್ಟೇ ಅಗಲದ ರಸ್ತೆ. ಡಾಂಬರಿನ ನಡುವೆಯೇ ಹುಲ್ಲು. ಎರಡೂ ಕಡೆ ಆಳೆತ್ತರದ ಮುಳ್ಳುಬೇಲಿ. ಕುರಿಗಳಿದ್ದವು. ಗೋಡೆಗೆ ಹುಗಿದ ಒಂದು ಕೆಂಪು ಅಂಚೆ ಡಬ್ಬಿ ಇತ್ತು. ಮನುಷ್ಯ ಅನ್ನುವ ಪ್ರಾಣಿ ಮಾತ್ರ ಎಲ್ಲೂ ಇರಲಿಲ್ಲ.

"ಅದೇ ಅದರ ವಿಶೇಷ ಉಪ್ಪಾ. ಜನ ಇಲ್ಲ, ಗಾಡಿ ಇಲ್ಲ, ಶಾಂತ. ಸೈಕಲಿನವರು ಹುಡುಕಿಕೊಂಡು ಬರ್ತಾರೆ," ಎಂದಿದ್ದಳು ನಿನ್ನೆ ಸಂಜೆ ಫೋನಿನಲ್ಲಿ.

ಜನ ಇಲ್ಲದ್ದು ಒಂದು ವಿಶೇಷವಂತೆ! ಪಕೀರಬ್ಬನಿಗೆ ಪಿತ್ತ ನೆತ್ತಿಗೇರಿತ್ತು. ಬೇಡವೆಂದರು, ಗದರಿದರು. ಅವಳು ತಣ್ಣಗೆ, "ನಾಳೆ ಒಂದು ಗಂಟೆಗೆ ತಲುಪಿ ಫೋನ್ ಮಾಡ್ತೇನೆ," ಎಂದಳು. ಆಗಲೇ ಆ ಮಾತು ಅವರ ಬಾಯಿಂದ ಬಂದದ್ದು: "ಮಾಡಬೇಡ. ನೀನು ಬದುಕಿದ್ದೀಯಾ ಸತ್ತಿದ್ದೀಯಾ ಅಂತ ನನಗೆ ತಿಳಿಯುವುದೇ ಬೇಡ."

ಛೆ. ಹೆತ್ತ ಅಪ್ಪ ಆಡುವ ಮಾತಾ ಅದು!

ಈಗ ಫೋನ್ ಹಚ್ಚಿದರೆ ಯಾವುದೋ ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಏನೋ ಹೇಳಿ ಕಟ್ಟಾಗುತ್ತಿತ್ತು. ಮೆಸೇಜಿನ ಕೆಳಗೆ ಒಂದೇ ಟಿಕ್ ಗುರುತು, ತಲುಪಿತೆನ್ನುವ ಎರಡನೆಯದು ಬೀಳಲೊಲ್ಲದು.

"ಸಾವ್ಕಾರ್ರ, ಊಟ ಆರಿ ನೀರಾತ್ರಿ," ಎಂದ ದ್ಯಾಮಣ್ಣ. ಕೊಪ್ಪಳ ಕಡೆಯವನು, ಮನೆಮನೆಗೆ ಹೋಗಿ ಪರದೆಯ ರಾಡು ಕೂರಿಸುವವನು, ಹನ್ನೆರಡು ವರ್ಷದಿಂದ ಅವರ ಜೊತೆಗಿದ್ದವನು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗೆ ವಿರಾಮ. ಷಟರ್ ಅರ್ಧ ಇಳಿದಿತ್ತು. ಉಳಿದ ದಿನ ಈ ಹೊತ್ತಿಗೆ ಪಕೀರಬ್ಬ ಮುಐದರ್ ಬಡಾವಣೆಯ ತಮ್ಮ ಮನೆಯಲ್ಲಿ ಉಂಡು ಮಲಗಿರುತ್ತಿದ್ದರು. ಇವತ್ತು ಹೆಂಡತಿ ನಜ್ಮಾಳ ಮುಖ ನೋಡುವ ಧೈರ್ಯವಾಗದೆ, ಮಸೀದಿಯಲ್ಲಿ ಅಸರ್ ನಮಾಝ್ ಮುಗಿಸಿ ಅಂಗಡಿಗೇ ವಾಪಸ್ ಬಂದಿದ್ದರು.

ಮೂರೂವರೆಗೆ ಫೋನ್ ಹೊಡೆದುಕೊಂಡಿತು. ಬಾಚಿ ಎತ್ತಿಕೊಂಡರು. ನೋಡಿದರೆ ನಜ್ಮಾ.

"ಮಗಳದ್ದು ಫೋನ್ ಬಂತಾ?"

"ಬಂತು. ಈಗಷ್ಟೇ. ತಲುಪಿದಳಂತೆ."

"ಅಲ್‌ಹಮ್ದುಲಿಲ್ಲಾಹ್," ಎಂದು ಅವಳು ಇಟ್ಟಳು. ಪಕೀರಬ್ಬ ಫೋನನ್ನು ಹಾಗೇ ಹಿಡಿದುಕೊಂಡು ಕೂತರು. ಹೆಂಡತಿಗೆ ಸುಳ್ಳು ಹೇಳಿಯೂ ಆಯಿತು. ನಾಳೆ ಇನ್ನೇನಾದರೂ ಹೇಳಬೇಕಾಗಿ ಬಂದರೆ ಯಾವ ಬಾಯಿಂದ ಹೇಳುವುದು?

ದ್ಯಾಮಣ್ಣನಿಗೆ ಎಲ್ಲ ತಿಳಿಯಿತು. ಊಟದ ಡಬ್ಬಿ ಮುಚ್ಚಿಟ್ಟು ಪಕ್ಕಕ್ಕೆ ಬಂದು ಕೂತ. ಪಕೀರಬ್ಬ ಮ್ಯಾಪು ತೆರೆದು ಅವನೆದುರು ಹಿಡಿದರು.

"ನೀನೇ ನೋಡು ಮಾರಾಯ. ಈ ಬೇಲಿಯ ಆಚೆ ಬಿದ್ದರೆ ಯಾರಿಗೆ ಗೊತ್ತಾಗಬೇಕು? ಮೂರು ಮೈಲಿಗೆ ಒಂದು ಮನೆ ಉಂಟು. ಅದರ ಬಾಗಿಲೂ ಹಾಕಿದೆ."

"ಸೈಕಲ್ ಚಲೋ ಹೊಡಿತಾರೇನ್ರಿ ಅಕ್ಕಾರು?"

ಪಕೀರಬ್ಬ ಮ್ಯಾಪು ಮುಚ್ಚಿದರು. ಸೈಕಲ್ ತಂದುಕೊಟ್ಟದ್ದು ಅವರೇ. ಅವಳಿಗಾಗ ಒಂಬತ್ತು ವರ್ಷ. ನಾಲ್ಕು ಕುಟುಂಬ ಹಂಚಿಕೊಂಡಿದ್ದ ಮುಐದರಿನ ವಿಲ್ಲಾ. ಗೇಟಿನಾಚೆ ಹೋಗಕೂಡದು ಎಂಬ ಅಪ್ಪಣೆ. ಹುಡುಗಿ ನೀರಿನ ಟ್ಯಾಂಕಿಗೂ ಗೋಡೆಗೂ ನಡುವಿನ ಜಾಗದಲ್ಲಿ ಸುತ್ತು ಹಾಕಿದಳು, ದಿನಕ್ಕೆ ನೂರು ಸುತ್ತು, ಎಣಿಸಿ ಎಣಿಸಿ. ಮೊಣಕಾಲು ಹ್ಯಾಂಡಲಿಗೆ ತಾಗುವಷ್ಟು ಬೆಳೆದ ಮೇಲೂ ಅದೇ ಸುತ್ತು. ಒಂದು ದಿನವೂ ಗೇಟು ತೆಗೆಯಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಗದರಿ ಮರೆತುಬಿಡಬಹುದಿತ್ತು.

"ಹೊಡಿತಾಳೆ. ತಿರುವಿನಲ್ಲಿ ಅವಳನ್ನು ಮೀರಿಸುವವರಿಲ್ಲ," ಎಂದರು. ಆಮೇಲೆ ತಡೆಯಲಾಗದೆ ನಿನ್ನೆ ತಾವು ಆಡಿದ ಮಾತನ್ನೂ ಹೇಳಿಬಿಟ್ಟರು.

ದ್ಯಾಮಣ್ಣ ನೆಲದ ಮೇಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದ. "ನಾನೂ ನನ್ನ ಮಗಳಿಗೆ ಅಂದೀನ್ರಿ, ಇದಕ್ಕಿಂತ ಕೆಟ್ಟದ್ದು. ಫೋನ್ದಾಗ ಅಂದುಬಿಟ್ಟರ ಹೋಗಿ ತಲಿ ಸವರಾಕ ಬರೂದಿಲ್ಲ ನೋಡ್ರಿ, ಅದಾ ತ್ರಾಸು."

ಮೂರು ಮುಕ್ಕಾಲು. ಇಂಗ್ಲೆಂಡಿನ ಪೊಲೀಸರಿಗೆ ಹೇಗೆ ಫೋನ್ ಮಾಡುವುದು ಎಂದು ಪಕೀರಬ್ಬ ಯೋಚಿಸಿದರು. ಏನೆಂದು ಹೇಳುವುದು? ನನ್ನ ಮಗಳು ನಿಮ್ಮ ಬೇಲಿಗಳ ನಡುವೆ ಎಲ್ಲೋ ಇದ್ದಾಳೆ ಎಂದೇ? ಯಾ ಅಲ್ಲಾಹ್, ಅವಳೊಂದು ಸಲ ಉಪ್ಪಾ ಅನ್ನಲಿ, ಸಾಕು. ಭೂಮಿಯ ಮೇಲೆ ಎಲ್ಲಿ ಬೇಕಾದರೂ ಸೈಕಲ್ ತುಳಿಯಲಿ.

ನಾಲ್ಕಾಯಿತು. ಗಿರಾಕಿಗಳು ಬರುವ ಹೊತ್ತೆಂದು ದ್ಯಾಮಣ್ಣ ಎದ್ದು ಷಟರ್ ಎತ್ತಿದ. ಆ ಸದ್ದಿನಲ್ಲಿ ಫೋನ್ ಬಡಿದುಕೊಂಡದ್ದು ಮೊದಲು ಅವನಿಗೇ ಕೇಳಿಸಿತು. "ಸಾವ್ಕಾರ್ರ! ಫೋನ್ರಿ, ಫೋನು!"

"ಉಪ್ಪಾ, ಅಸ್ಸಲಾಮು ಅಲೈಕುಂ. ತಲುಪಿದೆ."

ಸಲಾಮಿಗೆ ಉತ್ತರ ಕೊಡುವುದನ್ನೂ ಮರೆತರು. "ಬಿದ್ದೆಯಾ? ಕೈಕಾಲು ಸರಿ ಉಂಟಾ? ಎಲ್ಲಿ ಹೋಗಿದ್ದೆ ನೀನು? ಇಡೀ ಒಂದು ಗಂಟೆ ತಡ!"

"ಎಂತ ತಡ? ಒಂದಕ್ಕೆ ಅಂದಿದ್ದೆ, ಒಂದಕ್ಕೇ ಮಾಡಿದೆ. ನಡುವೆ ಕಣಿವೆಯಲ್ಲಿ ನೆಟ್‌ವರ್ಕ್ ಇರ್ಲಿಲ್ಲ, ಅಷ್ಟೇ."

"ಇಲ್ಲಿ ನಿನ್ನ ಗಡಿಯಾರದಲ್ಲಿ ಎರಡಾಗಿದೆ!"

ಆ ಕಡೆಯಿಂದ ನಗು ಕೇಳಿಸಿತು, ಅರ್ಧಕ್ಕೇ ನಿಂತಿತು. "ಅಯ್ಯೋ ಉಪ್ಪಾ... ಹೇಳಲಿಕ್ಕೇ ಮರೆತೆ. ಅಕ್ಟೋಬರ್ ಕೊನೆಗೆ ಇಲ್ಲಿ ಇಡೀ ದೇಶದ ಗಡಿಯಾರ ಒಂದು ಗಂಟೆ ಹಿಂದೆ ಇಡ್ತಾರೆ. ನಿನ್ನೆ ರಾತ್ರಿ ಇಟ್ಟದ್ದು. ನನಗೂ ಬೆಳಿಗ್ಗೆ ರೂಮಿನ ಫರ್ಝಾನಾ ಹೇಳಿದ ಮೇಲೆಯೇ ಗೊತ್ತು. ಇನ್ನು ಮಾರ್ಚ್‌ವರೆಗೆ ನಮ್ಮಿಬ್ಬರ ನಡುವೆ ಮೂರು ಗಂಟೆ."

ಪಕೀರಬ್ಬ ಬಟ್ಟೆಯ ಥಾನಿನ ಮೇಲೆ ಕೂತರು. ಹೋದ ಜೀವ ಬಂದ ಹಾಗಾಯಿತು. ಮೂವತ್ತೊಂದು ವರ್ಷದಲ್ಲಿ ಈ ಊರಿನ ಗಡಿಯಾರವನ್ನು ಯಾರೂ ಹಿಂದೆ ಮುಂದೆ ಮಾಡಿದ್ದು ಅವರು ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಜೊತೆಗೆ ನಗುವೂ ಬಂತು. ಎರಡನ್ನೂ ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಗಿರಾಕಿಯ ಪರದೆಯೇ.

"ನಿನ್ನೆ ಫೋನ್ ಮಾಡಬೇಡ ಅಂದೆನಲ್ಲ ಮಗಾ..."

"ಅಂದ್ರಿ. ನಾನು ಕೇಳಿಸಿಕೊಳ್ಳಲಿಲ್ಲ."

ಅವರು ಮೂಗು ಒರೆಸಿಕೊಂಡರು. "ದಾರಿಯಲ್ಲಿ ಯಾರೂ ಸಿಗಲಿಲ್ಲವಾ?"

"ಯಾರೂ ಇಲ್ಲ. ಆದ್ರೆ ಒಂದು ಮನೆಯ ಗೇಟಿನ ಹತ್ತಿರ ಬುಟ್ಟಿ ತುಂಬಾ ಸೇಬು ಇಟ್ಟಿದ್ರು. ಹೋಗುವವರು ತಗೊಳ್ಳಿ ಅಂತ ಒಂದು ಚೀಟಿ. ಪಕ್ಕದಲ್ಲಿ ಕುಡಿಯಲಿಕ್ಕೆ ನೀರು."

"ತಿಂದೆಯಾ?"

"ತಿಂದೆ. ಭಯಂಕರ ಹುಳಿ."

ಪಕೀರಬ್ಬ ಗಟ್ಟಿಯಾಗಿ ನಕ್ಕರು. "ಮುಂದಿನ ಭಾನುವಾರದ ದಾರಿ ಯಾವುದು ಅಂತ ಕಳಿಸು. ನಾನು ಮೊದಲೇ ಒಂದು ಸಲ ಹೋಗಿ ನೋಡಿಟ್ಟಿರ್ತೇನೆ."

ಆಮೇಲೆ ಮನೆಗೆ ಫೋನ್ ಹಚ್ಚಿ, ಆಗ ಹೇಳಿದ್ದು ಸುಳ್ಳು, ಈಗ ಹೇಳುವುದು ನಿಜ ಎಂದರು. "ಗೊತ್ತಿತ್ತು," ಎಂದಳು ನಜ್ಮಾ. "ಸುಳ್ಳು ಹೇಳುವಾಗ ನೀವು ಬಹಳ ಮೆಲ್ಲ ಮಾತಾಡ್ತೀರಿ. ಅಸರ್ ಕಳೆದು ನಾನಿನ್ನೂ ನಮಾಝಿನ ಚಾಪೆಯಿಂದ ಎದ್ದಿಲ್ಲ." ಅವಳು ಅಳುತ್ತಿದ್ದಳು. ಅತ್ತು ಮುಗಿಸಲಿ ಎಂದು ಪಕೀರಬ್ಬ ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತರು.

ದ್ಯಾಮಣ್ಣ ಯಾರೂ ಹೇಳದೆಯೇ ಗಡಿಯಾರಗಳ ಕೆಳಗೆ ಸ್ಟೂಲು ತಂದಿಟ್ಟು ಗಟ್ಟಿಯಾಗಿ ಹಿಡಿದುಕೊಂಡ. "ಇಡೀ ದೇಶಕ್ಕ ದೇಶಾನ ಗಡಿಯಾರ ತಿರುವತೈತೇನ್ರಿ? ಭಾರಿ ಮಂದಿ ಬಿಡ್ರಿ!"

"ಸ್ಟೂಲು ಅಲ್ಲಾಡಿಸಬೇಡ ಮಾರಾಯ," ಎನ್ನುತ್ತ ಪಕೀರಬ್ಬ ಹತ್ತಿ ಮಗಳ ಗಡಿಯಾರವನ್ನು ಮೊಳೆಯಿಂದ ಇಳಿಸಿದರು. ಅಂಗಿಯ ತೋಳಿನಿಂದ ಗಾಜಿನ ಧೂಳು ಒರೆಸಿ, ಹಿಂಬದಿಯ ಗುಂಡಿಯನ್ನು ಮೆಲ್ಲಗೆ ತಿರುಗಿಸಿದರು. ಎರಡು ಗಂಟೆ ಹತ್ತು ನಿಮಿಷ ತೋರಿಸುತ್ತಿದ್ದ ಮುಳ್ಳುಗಳು ಹಿಂದಕ್ಕೆ ಸರಿದವು. ಒಂದೂ ಮುಕ್ಕಾಲು, ಒಂದೂವರೆ, ಒಂದೂಕಾಲು. ಒಂದು ಗಂಟೆ ಹತ್ತು ನಿಮಿಷಕ್ಕೆ ಬಂದಾಗ ಕೈ ನಿಲ್ಲಿಸಿ, ಗಡಿಯಾರವನ್ನು ಕಿವಿಯ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಕೇಳಿದರು.

ಮತ್ತೆ ಮೊಳೆಗೆ ತೂಗುಹಾಕಿ ಕೆಳಗಿಳಿದು ಕತ್ತರಿ ಎತ್ತಿಕೊಂಡರು. ಬಟ್ಟೆ ಗೆರೆಯ ಮೇಲೆಯೇ ನೇರವಾಗಿ ಸೀಳಿಕೊಂಡು ಹೋಯಿತು.