ನದಿಯ ಮೇಲಿನ ಬೆಳಕು

"ಊಟದ ಮೇಜಿಗೆ ಹೆಣ ಯಾಕೆ ತರ್ತೀರಿ, ಲೋರ್ನಾ?" ಮುಖ್ಯೋಪಾಧ್ಯಾಯ ಹ್ಯಾಸ್ಕೆಲ್ ಟರ್ಕಿ ಕೋಳಿಯ ತುಂಡಿನ ಮೇಲೆ ಗ್ರೇವಿ ಸುರಿದುಕೊಂಡ. "ಸಾಹಿತ್ಯ ಈಗ ಆಗ್ಲಿ. ಇತಿಹಾಸ ಊಟ ಆದ್ಮೇಲೆ, ಲೈಬ್ರರಿಯಲ್ಲಿ. ಬೇಕಾದವರು ಬರ್ತಾರೆ."

ಯಾರೂ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನ ಗಲ್ಲದ ಮೇಲೆ ಜಿಡ್ಡು ಹೊಳೆಯುತ್ತಿತ್ತು.

ಊರಿನ ಮೊದಲ ಪಾದ್ರಿ ಮುನ್ನೂರೈವತ್ತು ವರ್ಷಗಳ ಹಿಂದೆ ಬರೆದ ಪ್ರವಚನದ ಒಂದು ಪುಟವನ್ನು ಸ್ಥಾಪಕರ ದಿನದ ಊಟದಲ್ಲಿ ಶಾಲೆಯ ಒಂದು ಮಗು ಒಪ್ಪಿಸುವುದು ಪದ್ಧತಿ. ನದಿಯ ಮೇಲೆ ದೇವರು ಹಚ್ಚಿದ ಬೆಳಕು, ಹಿಮವೂ ಕೆಂಪಾದ ಬೆಳಗು. ಆ ವರ್ಣನೆಯನ್ನು ಲೋರ್ನಾ ಪ್ರತಿವರ್ಷ ಕಲಿಸಿದ್ದಳು. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದನ್ನೂ. ಈ ವರ್ಷ ಮೊದಲ ಬಾರಿಗೆ ಅವಳ ಸಾಹಿತ್ಯದ ತರಗತಿಯನ್ನು ಇತಿಹಾಸದ ಮೇಷ್ಟ್ರು ಗಿಡಿಯನ್‌ನ ತರಗತಿಯ ಜೊತೆ ಸೇರಿಸಿದ್ದರು. ನಿನ್ನೆ ಅವನು ಮಕ್ಕಳೆದುರು ಅದೇ ಪುಟ ಹಿಡಿದು, ಅದು ಯಾವ ಬೆಳಕೆಂದು ಹೇಳಿದ. ಅಲ್ಲಿದ್ದದ್ದು ಮೂಲನಿವಾಸಿ ನಿಪ್ಮಕ್ ಜನರ ಹಳ್ಳಿ. ಜನ ಮಲಗಿದ್ದಾಗಲೇ ಊರಿನ ಸ್ಥಾಪಕರು ಅವರ ಚಾಪೆಯ ಗುಡಿಸಲುಗಳಿಗೆ ಬೆಂಕಿ ಇಟ್ಟಿದ್ದರು. ಪಾದ್ರಿ ದಡದಲ್ಲಿ ನಿಂತು ನೋಡಿದ್ದ. ಪುಟದ ಜೊತೆ ಇದನ್ನೂ ಊಟದಲ್ಲಿ ಹೇಳೋಣವೆಂದೇ ಲೋರ್ನಾ ಹ್ಯಾಸ್ಕೆಲ್‌ನನ್ನು ಕೇಳಿದ್ದಳು.

ಇಂದು ಒಪ್ಪಿಸಬೇಕಾದವಳು ರೆನೇ. ತರಗತಿಗೇ ಒಳ್ಳೆಯ ಕಂಠ ಅವಳದು, ತಾಯಿ ನಿಪ್ಮಕ್. ಲೋರ್ನಾ ಅವಳ ಕುರ್ಚಿಯ ಬಳಿ ಹೋಗಿ, ನೀನು ಹೇಳಬೇಕಿಲ್ಲ, ಏನು ಬಂದರೂ ನನ್ನ ತಲೆಗೆ ಬರಲಿ ಎಂದಳು.

"ತಿಂಗಳುಗಟ್ಟಲೆ ಉರು ಹೊಡೆಸಿದ್ದು ನೀವೇ ಅಲ್ವಾ ಮಿಸ್?" ರೆನೇ ಎದ್ದಳು. "ಹೇಳ್ತೀನಿ ಬಿಡಿ."

ಹೇಳಿದಳು. ಕಲಿಸಿದಂತೆಯೇ ಉಸಿರು ಹಿಡಿದು, ದನಿ ತಗ್ಗಿಸಿ. ಪುಟ ಮುಗಿದ ಮೇಲೂ ನಿಲ್ಲಿಸಲಿಲ್ಲ. ಅದೇ ಲಯದಲ್ಲಿ, ಅದೇ ಇಂಪಿನಲ್ಲಿ ಗಿಡಿಯನ್‌ನ ಪಾಠ ಮುಂದುವರಿಯಿತು: ಚಾಪೆಗೆ ಹತ್ತಿದ ಉರಿ, ಬೆನ್ನಿಗೆ ಕೂಸು ಕಟ್ಟಿಕೊಂಡು ನೀರಿಗೆ ಹಾರಿದ ಹೆಂಗಸು, ಆಚೆ ದಡದಲ್ಲಿ ಅವಳಿಗಾಗಿ ಕಾದಿದ್ದ ಬಂದೂಕು. ಗಿಡಿಯನ್ ಫೋರ್ಕ್ ಕೆಳಗಿಟ್ಟ. ಉಳಿದವರು ತಲೆದೂಗುತ್ತಿದ್ದರು. ಯಾರೋ ಕ್ರ್ಯಾನ್‌ಬೆರಿ ಹಣ್ಣಿನ ಗೊಜ್ಜಿನ ಬಟ್ಟಲನ್ನು ಸದ್ದಾಗದಂತೆ ಪಕ್ಕಕ್ಕೆ ದಾಟಿಸಿದರು. ಮುಗಿದಾಗ ದೊಡ್ಡ ಚಪ್ಪಾಳೆ.

"ಆಗಿನೋರ ಭಾಷೆ ನೋಡಿ," ಸ್ಥಾಪಕರ ಸಂಘದ ಮಿಸೆಸ್ ಪೆಲ್ಹ್ಯಾಮ್ ಕಣ್ಣೊರೆಸಿಕೊಂಡಳು. "ಈಗಿನೋರಿಗೆ ಹೀಗೆ ಬರೆಯೋಕೆ ಬರುತ್ತಾ?"

ಪಾದ್ರಿಯ ಪುಟ ಎಲ್ಲಿ ಮುಗಿಯಿತೆಂದು ಹ್ಯಾಸ್ಕೆಲ್‌ಗೆ ಗೊತ್ತಾಗಿತ್ತು. ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವನು ಅವನೇ. ಆಮೇಲೆ ಸಿಹಿಗೆ ಕುಂಬಳದ ಪೈ ತರಲು ಹೇಳಿದ.

ಹೊರಗಿನ ಪಡಸಾಲೆಯಲ್ಲಿ ರೆನೇ ಕುಡಿಯುವ ನೀರಿನ ನಲ್ಲಿಗೆ ಬಗ್ಗಿ ಬಾಯಿ ಮುಕ್ಕಳಿಸುತ್ತಿದ್ದಳು. ಉಗಿದು ಮತ್ತೆ ಮುಕ್ಕಳಿಸುತ್ತಿದ್ದಳು. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ನೀರು ಬರುವ ನಲ್ಲಿ. ಲೋರ್ನಾ ಪಕ್ಕಕ್ಕೆ ಬಂದು ಗುಂಡಿಯನ್ನು ಒತ್ತಿ ಹಿಡಿದಳು. ರೆನೇ ಅವಳ ಮುಖ ನೋಡಲಿಲ್ಲ. ಗುಂಡಿಯಿಂದ ಬಿಡುವಾದ ಕೈಯನ್ನೂ ಸೇರಿಸಿ ನೀರಿಗೆ ಬೊಗಸೆ ಒಡ್ಡಿದಳು.