ಕೊಳವೆಯ ಮುಚ್ಚಳ

ರೈಲಿನಲ್ಲಿ ಕೂತಲ್ಲೇ ನಿದ್ದೆ ತೆಗೆಯುವ ವಿದ್ಯೆ ಸುಮಿತ್ರಳಿಗೆ ಈಚೆಗೆ ಚೆನ್ನಾಗಿ ಒಲಿದಿತ್ತು. ವಾರವಿಡೀ ಕೊಚ್ಚಿಯ ಬ್ಯಾಂಕು, ವಾರದ ಕೊನೆಗೆ ತಿರುವನಂತಪುರದ ಉಳ್ಳೂರಿನ ಆಸ್ಪತ್ರೆ. ಗಂಡ ಯಜ್ಞನಾರಾಯಣ ಕೊಚ್ಚಿಯದೇ ವಲ್ಲಾರ್ಪಾಡಂ ಬಂದರಿನಲ್ಲಿ ಕಸ್ಟಮ್ಸ್ ಅಧಿಕಾರಿ. ನ್ಯುಮೋನಿಯಾ ಬಂದು, ವೆಂಟಿಲೇಟರಿನಿಂದ ಹೇಗೋ ಬದುಕಿ ಬಂದವರು. ಆದರೆ ಕುತ್ತಿಗೆಗೆ ತೂತು ಕೊರೆದು ಶ್ವಾಸನಾಳಕ್ಕೆ ತೂರಿಸಿದ ಕೊಳವೆ ಮಳೆಗಾಲ ಕಳೆದರೂ ಅಲ್ಲೇ ಇತ್ತು; ಅದು ಬಂದಂದಿನಿಂದ ಅವರಿಗೆ ದನಿಯೂ ಇರಲಿಲ್ಲ.

ಇವತ್ತು ಪರೀಕ್ಷೆ. ಕೊಳವೆಯ ಬಾಯಿಗೆ ಮುಚ್ಚಳ ಹಾಕುತ್ತಾರೆ. ಮೂಗಿನಲ್ಲೇ ಉಸಿರಾಡಿಕೊಂಡು ಒಂದು ದಿನ ದಾಟಿಸಿದರೆ ಕೊಳವೆ ತೆಗೆದು ಮನೆಗೆ. ಇಲ್ಲವಾದರೆ ಇನ್ನೊಂದು ಆಪರೇಷನ್. ಅದನ್ನು ನೋಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಬೆಳಿಗ್ಗೆ ಕೊಳವೆಗೆ ಮುಚ್ಚಳ ಬಿತ್ತು. ಉಸಿರು ಸಲೀಸಾಗಿ ಆಡಿತು. ಸುಮಿತ್ರ ನಿರಾಳವಾಗಿ ಚಹಾಕ್ಕೆಂದು ಕ್ಯಾಂಟೀನಿಗೆ ಇಳಿದಳು. ಮರಳಿ ಬಂದರೆ ಉಸಿರಿನ ಮೇಲೆ ಕಣ್ಣಿಟ್ಟಿದ್ದ ಯಂತ್ರ ಬಾಯಿ ಬಡಿದುಕೊಳ್ಳುತ್ತಿತ್ತು, ಗಂಡ ಕೆಮ್ಮಿ ಕೆಮ್ಮಿ ಕೆಂಪಾಗಿದ್ದರು, ನರ್ಸ್ ಜಾಯ್ಸ್ ಮುಚ್ಚಳ ಕಿತ್ತು ಕೈಯಲ್ಲಿ ಹಿಡಿದಿದ್ದಳು. ಓಡಿ ಬಂದ ಡಾಕ್ಟರು, ಒಳಗೆ ಶ್ವಾಸನಾಳ ಕುಗ್ಗಿರಬೇಕು ಎಂದು ಆಪರೇಷನ್ನಿನ ಮಾತೆತ್ತಿ ಹೋದರು. ಸುಮಿತ್ರ ಸ್ಟೂಲು ಎಳೆದುಕೊಂಡು ಕೂತಳು.

ಆಗ ಹಾಸಿಗೆಯ ಪಕ್ಕದಲ್ಲಿದ್ದ ಪಂಚಪಾತ್ರೆ, ಉದ್ಧರಣೆ ಕಣ್ಣಿಗೆ ಬಿದ್ದವು.

"ಸಂಧ್ಯಾವಂದನೆಗೆ ಕೂತಿದ್ರಾ? ಪ್ರಾಣಾಯಾಮ ಅಂತ ಮೂಗು ಹಿಡಿದ್ರಾ?"

ಯಜ್ಞನಾರಾಯಣ ಗೋಡೆ ನೋಡಿದರು.

ಇಷ್ಟು ತಿಂಗಳು ಪುಣ್ಯಾತ್ಮರು ಬಾಯಿ ಮುಚ್ಚಿ, ಮೂಗು ಬಿಗಿಹಿಡಿದು, ಮಂತ್ರವನ್ನು ಮನಸ್ಸಿನಲ್ಲೇ ಸಾವಕಾಶವಾಗಿ ಹೇಳಿಕೊಳ್ಳುತ್ತಿದ್ದರು. ಗಾಳಿ ಕುತ್ತಿಗೆಯಿಂದಲೇ ಬಂದು ಹೋಗುವಾಗ ಮೂಗು ಹಿಡಿದರೇನು, ಬಿಟ್ಟರೇನು! ಅದೇ ಅಭ್ಯಾಸದಲ್ಲಿ ಇವತ್ತೂ ಹಿಡಿದಿದ್ದಾರೆ. ಇವತ್ತು ಗಾಳಿಗೆ ಬೇರೆ ದಾರಿಯೇ ಇರಲಿಲ್ಲ.

"ಎಂತ ಜನ ನೀವು! ನಾನಿಲ್ಲಿ ಸತ್ತು ಸುಣ್ಣ ಆಗಿದ್ದೇನೆ, ಗೊತ್ತುಂಟಾ? ಒಂದು ದಿನ ಸುಮ್ನೆ ಕೂರ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ?" ಎಂದವಳೇ ಸುಮಿತ್ರ ಅತ್ತುಬಿಟ್ಟಳು. ಸಿಟ್ಟಿಗಿಂತ ಸುಸ್ತೇ ಹೆಚ್ಚಾಗಿತ್ತು.

ಆಮೇಲೆ ಮುಖ ಒರೆಸಿಕೊಂಡು ಡಾಕ್ಟರ ಕೋಣೆಗೆ ಹೋದಳು. ಗೊತ್ತಿದ್ದಷ್ಟು ಮಲಯಾಳದಲ್ಲಿ ವಿವರಿಸಿ, ತನ್ನ ಮೂಗನ್ನೇ ಹಿಡಿದು ತೋರಿಸಿದಳು. ಡಾಕ್ಟರು ಕಷ್ಟಪಟ್ಟು ನಗು ನುಂಗಿದರು. ಪಕ್ಕದಲ್ಲೇ ಇದ್ದ ಜಾಯ್ಸ್ ನುಂಗಲಿಲ್ಲ. ಮಧ್ಯಾಹ್ನ ಮುಚ್ಚಳ ಮತ್ತೆ ಬಿತ್ತು. ಯಜ್ಞನಾರಾಯಣ ಮುಖ ಊದಿಸಿಕೊಂಡು ಮಾತಿಲ್ಲದೆ ಮಲಗಿದರು. ಉಸಿರು ಮಾತ್ರ ನೆಟ್ಟಗಿತ್ತು.

ಕಿಟಕಿಯಾಚೆ ಮುಸ್ಸಂಜೆಯಾಯಿತು. ಅವರು ಎದ್ದು ಕೂತರು. ಬಲಗೈ ತಾನಾಗಿ ಮೂಗಿನ ಕಡೆಗೆ ಎದ್ದು ಎದೆಯ ಹತ್ತಿರ ನಿಂತಿತು. ಹೆಂಡತಿಯ ಕಡೆ ತಿರುಗಿದರು.

"ಇವತ್ತೊಂದು ದಿನ ಬಿಡ್ಲಾ?"

ದನಿ ಒಡೆದಿತ್ತು, ಆದರೂ ಅವರದೇ ದನಿ. ಅದನ್ನು ಮರೆತೇಹೋಗಿದ್ದೆನೇನೋ ಎಂದು ಸುಮಿತ್ರಳಿಗೆ ಹೆದರಿಕೆಯಾಯಿತು. ಅವರ ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡು, ಪೂರ್ತಿ ಕತ್ತಲಾಗುವವರೆಗೂ ಗಟ್ಟಿಯಾಗಿ ಹಿಡಿದು ಕೂತಳು.